ನಾಯಿ ಜೊತೆ ಊರಿಗೆ ಹೊರಡುವವರಿಗೆ

ಮೇ ರಜೆಗೆ ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ನಾಯಿ ಕರೆದುಕೊಂಡು ಹೊರಡುವವರು ದಯವಿಟ್ಟು ಓದಿ. ಬೆಳಿಗ್ಗೆ 5ಕ್ಕೇ ಹೊರಟುಬಿಡಿ. ದಾರಿಯಲ್ಲಿ ಚಹಾಕ್ಕೆ ಇಳಿದಾಗ ನಾಯಿಯನ್ನು ಕಾರಿನಲ್ಲಿ ಬಿಡಲೇಬೇಡಿ, ಐದು ನಿಮಿಷಕ್ಕೂ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗೆ 10 ನಿಮಿಷಕ್ಕೇ ಸುಮಾರು 10 ಡಿಗ್ರಿ ಶಾಖ ಏರುತ್ತದೆ. ಗಾಜು ಒಂದಿಂಚು ಇಳಿಸಿದರೂ ಅಷ್ಟೇ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಣ್ಣಗಾಗಬೇಕು. ಚಪ್ಪಟೆ ಮೂಗಿನವಕ್ಕೆ ಅದೂ ಕಷ್ಟ. ಹೋದ ವರ್ಷ ನಮ್ಮ ಪಗ್‌ನ ನಾಲಿಗೆ ಕಡುಕೆಂಪಾಗಿ, ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು. ಕೈಕಾಲೇ ಆಡಲಿಲ್ಲ ನನಗೆ. ಹಾಗಾದರೆ ತಕ್ಷಣ ನೆರಳಿಗೆ ತನ್ನಿ. ಹೊಟ್ಟೆಗೆ, ಪಾದಕ್ಕೆ ತಣ್ಣೀರು ಸುರಿದು ಗಾಳಿ ಹಾಕಿ. ಆಮೇಲೆ ಎಸಿ ಹಾಕಿಕೊಂಡು ನೇರ ಡಾಕ್ಟರ್ ಹತ್ತಿರ.

ಮಡಚುವ ನೀರಿನ ಬಟ್ಟಲು ನನ್ನ ಹತ್ತಿರ ಎರಡಿವೆ, ಬೇಕಾದವರು ಕೇಳಿ.