ಚುಕ್ಕಿಯನ್ನು ಕಳೆದುಕೊಂಡ ಮಗಳಿಗೆ

ಚಿರಂಜೀವಿ ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. 14 ವರ್ಷ ನಿನ್ನ ಕಾಲಬಳಿಯೇ ಬಾಳಿದ ಚುಕ್ಕಿ ಹೋಗಿ 11 ದಿನಗಳಾದವೆಂದೂ, ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ‘ಬೆಕ್ಕು ತಾನೇ, ಇನ್ನೊಂದನ್ನು ತಂದುಕೊಂಡರಾಯಿತು’ ಎಂದ ಮೇಲೆ ಯಾರ ಮುಂದೆಯೂ ಅಳಲಾರದೆ, ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿರುವೆನೆಂದೂ ಬರೆದಿರುವೆ. ಆದರೆ ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯಲ್ಲಿ ನೀನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಸಾಲಿನ ಮೇಲೆ: ‘ದೊಡ್ಡಮ್ಮಾ, ಅದನ್ನು ನಾನೇ ಕೊಂದೆ.’ ಉಳಿದ ವಿಷಯಗಳಿಗಿಂತ ಮೊದಲು ಈ ಮಾತಿಗೆ ಉತ್ತರ ಕೊಡಬೇಕು.

ಕಾಯಿಲೆ ನಿನ್ನ ಕಣ್ಣಿಗೆ ಬೇಗ ಬೀಳಲಿಲ್ಲವೆಂಬುದು ನಿನ್ನ ಮೊದಲನೆಯ ಕೊರಗು. ಬೆಕ್ಕು ತನ್ನ ನಿಶ್ಶಕ್ತಿಯನ್ನು ಮರೆಮಾಡುವ ಪ್ರಾಣಿ. ಅದರಲ್ಲೂ ಮೂತ್ರಪಿಂಡದ ಕಾಯಿಲೆ ಬಹುಕಾಲ ಮೌನವಾಗಿಯೇ ಇರುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟು ಶಕ್ತಿ ಕುಂದುವವರೆಗೂ ಉಳಿದ ಒಂದು ಪಾಲು ಕೆಲಸವನ್ನು ಹೇಗೋ ನಿಭಾಯಿಸುತ್ತಿರುತ್ತದೆ. ಚುಕ್ಕಿ ಹೆಚ್ಚು ನೀರು ಕುಡಿಯತೊಡಗಿ, ಮೈ ಇಳಿದು, ನಿನ್ನ ಗಮನಕ್ಕೆ ಬರುವ ಹೊತ್ತಿಗೆ ಕಾಯಿಲೆ ಬಹಳ ದೂರ ನಡೆದಿತ್ತು. ಮೊದಲೇ ರಕ್ತಪರೀಕ್ಷೆ ಮಾಡಿಸಿದ್ದರೆ ಇನ್ನಷ್ಟು ಕಾಲ ಸಿಗುತ್ತಿತ್ತೇನೋ; ಹಾಗಾಗುತ್ತಲೇ ಇರಲಿಲ್ಲವೆಂದು ಹೇಳಿ ನಾನು ನಿನ್ನನ್ನು ಸುಮ್ಮನೆ ಸಮಾಧಾನಪಡಿಸುವುದಿಲ್ಲ. ಆದರೆ ವಾಸಿಯಾಗುವ ಕಾಯಿಲೆ ಅದಾಗಿರಲಿಲ್ಲ. ಇಂದು ನಿನಗೆ ಗೊತ್ತಿರುವುದನ್ನು ಅಂದಿನ ನಿನ್ನ ತಲೆಯೊಳಗಿಟ್ಟು, ಆಮೇಲೆ ಅಂದಿನವಳನ್ನು ವಿಚಾರಣೆಗೆ ನಿಲ್ಲಿಸುವುದು ನ್ಯಾಯವಲ್ಲ, ಮಗಳೇ.

ಎರಡನೆಯದು ಆ ಚುಚ್ಚುಮದ್ದು. ವೈದ್ಯರು ಕೇಳಿದಾಗ ನೀನು ಒಪ್ಪಿಗೆ ಕೊಟ್ಟೆ; ಪ್ರಾಣ ಹೋದ ಮೇಲೂ ಅದರ ಕಣ್ಣು ತೆರೆದೇ ಇತ್ತು, ಒಮ್ಮೆ ಉಸಿರೆಳೆದಂತೆಯೂ ಆಯಿತು, ಆ ನೋಟ ನಿನ್ನನ್ನು ರಾತ್ರಿಯೆಲ್ಲ ಕಾಡುತ್ತಿದೆ. ದಯಾಮರಣಕ್ಕೆ ಬಳಸುವ ಮದ್ದು ಅರಿವಳಿಕೆಯ ಜಾತಿಯದೇ. ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಅದು ಮೊದಲು ಪ್ರಜ್ಞೆಯನ್ನು ಕೆಲವೇ ಕ್ಷಣಗಳಲ್ಲಿ ಇಳಿಸುತ್ತದೆ, ಆಮೇಲೆ ಉಸಿರನ್ನು, ಕೊನೆಗೆ ಹೃದಯವನ್ನು ನಿಲ್ಲಿಸುತ್ತದೆ. ಕಣ್ಣು ಮುಚ್ಚಲು ಸ್ನಾಯುಗಳ ಬಲ ಬೇಕಾದ್ದರಿಂದ ಸತ್ತ ಪ್ರಾಣಿಯ ಕಣ್ಣು ಸಾಮಾನ್ಯವಾಗಿ ತೆರೆದೇ ಉಳಿಯುತ್ತದೆ, ಮತ್ತು ನೀನು ಕಂಡ ಉಸಿರು ದೇಹ ತಾನಾಗಿಯೇ ಎಳೆದದ್ದು, ಚುಕ್ಕಿ ಎಳೆದದ್ದಲ್ಲ. ಇದನ್ನು ಯಾರಾದರೂ ಮೊದಲೇ ನಿನಗೆ ತಿಳಿಸಬೇಕಾಗಿತ್ತು. ಅದು ಕೊನೆಯದಾಗಿ ಅರಿತದ್ದು ತನ್ನ ಕಿವಿಯ ಹಿಂದೆ ಸವರುತ್ತಿದ್ದ ನಿನ್ನ ಬೆರಳುಗಳನ್ನು.

ನಾನು ಯಾರಿಗೂ ಹೇಳದ ಒಂದು ಸಂಗತಿಯನ್ನು ನಿನಗೆ ಹೇಳುತ್ತೇನೆ. ನಮ್ಮ ನಾಯಿ ಕರಿಯನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಾಗ, ಅದಿನ್ನು ನರಳುವುದು ಬೇಡವೆಂದು ವೈದ್ಯರು ಹೇಳಿದರೂ, ಆ ನಿರ್ಧಾರ ನನ್ನ ಬಾಯಿಂದ ಬರಬಾರದೆಂದು ನಾನು ಮೂರು ದಿನ ತಡೆದೆ. ತಾನಾಗಿಯೇ ಹೋಗಲಿ ಎಂದುಕೊಂಡೆ. ಮೂರನೆಯ ರಾತ್ರಿ ಅದು ನಾಯಿಯ ದನಿಯಲ್ಲದ ದನಿಯಲ್ಲಿ ಕೂಗಿ ಕೂಗಿ ಬೆಳಗಿನ ಜಾವಕ್ಕೆ ಹೋಯಿತು. ಇದಾಗಿ 20 ವರ್ಷಗಳಾದವು. ‘ಅಂದು ಯಾಕೆ ಒಪ್ಪಲಿಲ್ಲ’ ಎಂಬ ಕೊರಗು ನನ್ನಲ್ಲಿ ಇನ್ನೂ ಇದೆ. ಒಪ್ಪಿದ ನೀನೂ ಒಪ್ಪದ ನಾನೂ ಒಂದೇ ಬಗೆಯಲ್ಲಿ ಬೇಯುತ್ತಿದ್ದೇವೆ. ಹಾಗಿದ್ದ ಮೇಲೆ, ನಿನ್ನ ಮನಸ್ಸು ನಿನ್ನನ್ನು ಅಪರಾಧಿ ಎನ್ನುತ್ತಿರುವುದು ನೀನು ಅಪರಾಧ ಮಾಡಿದ್ದಕ್ಕೆ ಸಾಕ್ಷಿಯಾಗಲಾರದು. ನಂಬಿದ ಜೀವವೊಂದರ ಸಾವನ್ನು ಅದರ ಪರವಾಗಿ ನಾವು ನಿರ್ಧರಿಸಬೇಕಾಗಿ ಬಂದಾಗ, ಯಾವ ದಾರಿ ಹಿಡಿದರೂ ಈ ಕೊರಗು ಹಿಂದೆಯೇ ಬರುತ್ತದೆ. ನನ್ನ ಸಂಕಟವನ್ನು ಮುಂದಕ್ಕೆ ಹಾಕಲು ನಾನು ಕರಿಯನನ್ನು ನರಳಿಸಿದೆ. ನೀನು ಚುಕ್ಕಿಯ ನರಳಾಟವನ್ನು ನಿಲ್ಲಿಸಲು ನಿನ್ನ ಸಂಕಟವನ್ನು ಮೈಮೇಲೆ ಎಳೆದುಕೊಂಡೆ.

‘ಬೆಕ್ಕು ತಾನೇ’ ಎಂದವರ ಮೇಲೆ ಕೋಪ ಬೇಡ, ಆದರೆ ಅವರ ಮಾತನ್ನು ನಂಬಲೂ ಬೇಡ. ಜರ್ಮನಿಯ ಬಾನ್ ನಗರದ ಬಳಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷ ಹಳೆಯ ಸಮಾಧಿಯೊಂದರಲ್ಲಿ ಇಬ್ಬರು ಮನುಷ್ಯರ ಜೊತೆ ಒಂದು ಎಳೆಯ ನಾಯಿಯ ಎಲುಬುಗಳಿದ್ದವು. ಅದರ ಹಲ್ಲುಗಳನ್ನು ಪರೀಕ್ಷಿಸಿದ ಸಂಶೋಧಕರು, ಆ ಮರಿ ಸಾಯುವ ಮೊದಲು ವಾರಗಟ್ಟಲೆ ಡಿಸ್ಟೆಂಪರ್ ಎಂಬ, ನಾಯಿಗಳಿಗೆ ತಗಲುವ ಮಾರಕ ರೋಗದಿಂದ ನರಳಿತ್ತೆಂದೂ, ಯಾರೋ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ ತೀರ್ಮಾನಿಸಿದರು. ಬೇಟೆಗೂ ಕಾವಲಿಗೂ ಒದಗದ ಒಂದು ರೋಗಿಷ್ಠ ಮರಿಯ ಪಕ್ಕದಲ್ಲಿ ಅಂದು ಯಾರೋ ಕುಳಿತಿದ್ದರು. ನಿನ್ನ ದುಃಖ ಅಷ್ಟು ಹಳೆಯದು, ಅದಕ್ಕೆ ನಾಚಬೇಕಾಗಿಲ್ಲ. ನಲ್ಲಿಯನ್ನು ನಿಲ್ಲಿಸಿಯೇ ಅಳು.

ಅದರ ಬಟ್ಟಲನ್ನು ಎತ್ತಿಡಲು ಕೈ ಬರುತ್ತಿಲ್ಲವೆಂದಿರುವೆ. ಅಲ್ಲೇ ಇರಲಿ, ಯಾರ ಅವಸರಕ್ಕೂ ಎತ್ತಬೇಡ. ಅದು ನಿನ್ನನ್ನು ಎಬ್ಬಿಸುತ್ತಿದ್ದ ಬೆಳಗಿನ 5 ಗಂಟೆಯೇ ಎಲ್ಲಕ್ಕಿಂತ ಕಠಿಣವಾಗಿರುತ್ತದೆ, ಆ ಹೊತ್ತಿಗೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಸ್ವಲ್ಪ ನಡೆದಾಡು. ಪುಟ್ಟನಿಗೆ ‘ಚುಕ್ಕಿ ಮಲಗಿದೆ’ ಎಂದಿರುವುದನ್ನು ಮಾತ್ರ ಬೇಗ ಸರಿಪಡಿಸು. ಸತ್ತಿತೆಂದೇ ಹೇಳು, ಇಲ್ಲವಾದರೆ ಅವನು ಎಬ್ಬಿಸಲು ಹೋಗುತ್ತಾನೆ, ಅಥವಾ ತಾನು ಮಲಗಲು ಹೆದರುತ್ತಾನೆ. ವಾರಗಳು ಕಳೆದರೂ ಊಟ ನಿದ್ರೆಗಳು ಮರಳದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬೇಡ; ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯದೆ ಅವರಲ್ಲಿಗೆ ಹೋಗು, ನನಗೂ ಹೇಳು.

ನಿನ್ನ ಪತ್ರದ ನಾಲ್ಕು ಪುಟಗಳಲ್ಲಿ ಚುಕ್ಕಿಯ ಕೊನೆಯ ದಿನವೊಂದೇ ಇದೆ. ಮುಂದಿನ ಪತ್ರದಲ್ಲಿ, ಅದು ಅಂಗೈಯಗಲದ ಮರಿಯಾಗಿ ಮೊದಲ ಬಾರಿಗೆ ನಿನ್ನ ಮಡಿಲು ಹತ್ತಿದ ದಿನ ಹೇಗಿತ್ತೆಂದು ಬರೆ. ಅದನ್ನು ನಾನು ನೋಡಿಲ್ಲ.

ಇತಿ,
ನಿನ್ನ ಪ್ರೀತಿಯ ದೊಡ್ಡಮ್ಮ