ಕಂಪ್ಯೂಟರ್ ಜೊತೆ ಶನಿವಾರದ ಎರಡು ಗಂಟೆಯನ್ನೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಂಪನಿಗಳು ಶಾಲೆಗೆ ಕಂಪ್ಯೂಟರ್ ಕೊಟ್ಟ ಸುದ್ದಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಜೊತೆಗೆ ಫೋಟೊ. ಶಾಲು, ಹಾರ, ಹಿಂದೆ ಸಾಲಾಗಿ ನಿಂತ ಮಕ್ಕಳು. ಕೊಡುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಆರು ತಿಂಗಳು ಬಿಟ್ಟು ಅದೇ ಕೋಣೆಗೆ ಹೋಗಿ ನೋಡಿ. ನಾನು ನೋಡಿದ ಒಂದು ಶಾಲೆಯಲ್ಲಿ ಕೋಣೆಗೆ ಬೀಗ ಹಾಕಿತ್ತು, ಕಂಪ್ಯೂಟರಿಗೆ ಹೊದಿಸಿದ್ದ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಮಾಸ್ತರನ್ನು ಬೈದು ಏನು ಪ್ರಯೋಜನ? ಹಾಳಾದರೆ ರಿಪೇರಿಗೆ ದುಡ್ಡು ಎಲ್ಲಿಂದ ತರಬೇಕು ಅವರು? ಇದರಲ್ಲಿ ಮಕ್ಕಳಿಗೆ ಏನು ಕಲಿಸಬೇಕು ಅಂತ ಅವರ ಜೊತೆ ಕೂತು ಹೇಳಿದವರು ಯಾರೂ ಇಲ್ಲ.

ನಾನು ವೆಬ್‌ಸೈಟ್ ಮಾಡುವ ಕೆಲಸದವನು. ಹನ್ನೊಂದು ವರ್ಷ ಆಯಿತು. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಶಿರಸಿ ಕಡೆಯ ನಮ್ಮೂರಿಗೆ ಬಂದೆ, ಇಲ್ಲೇ ಉಳಿದೆ. ನನ್ನ ಹಾಗೆ ಮನೆಯಿಂದಲೇ ಕೆಲಸ ಮಾಡುವವರು ಮಲೆನಾಡಿನಲ್ಲಿ ಈಗ ಸುಮಾರು ಜನ ಇದ್ದಾರೆ. ಕಳೆದ ವರ್ಷ ಇಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಯ ಹದಿನಾಲ್ಕು ಮಕ್ಕಳ ಜೊತೆ ಒಂದು ನಿಜವಾದ ವೆಬ್‌ಸೈಟ್ ಮಾಡಿದೆವು. ಶನಿವಾರ ಬೆಳಗಿನ ಶಾಲೆ, ಊಟ ಮುಗಿಸಿ ಕೂತರೆ ಮೂರೂವರೆ ಬಸ್ಸಿನ ತನಕ ಸಮಯ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಬೆಂಗಳೂರಿನಿಂದ ವಿಡಿಯೊ ಕಾಲ್‌ನಲ್ಲಿ ಸೇರುತ್ತಿದ್ದರು. ಸೈಟು ಯಾರಿಗೆ ಅಂದರೆ, ಪಕ್ಕದ ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಮಾಡಿ ಮಾರುವವರು.

ಈ 'ಯಾರಿಗೆ' ಅನ್ನುವುದೇ ನನ್ನ ಪತ್ರದ ವಿಷಯ.

ಕಂಪ್ಯೂಟರ್ ಪಾಠದಲ್ಲಿ ಮಕ್ಕಳು ಮಾಡುವ ಪುಟ ಸಾಮಾನ್ಯವಾಗಿ ಯಾರಿಗೂ ಅಲ್ಲ. 'ನನ್ನ ಶಾಲೆ', 'ನನ್ನ ಮೆಚ್ಚಿನ ಹಬ್ಬ' ಅಂತ ಮಾಡುತ್ತಾರೆ, ಅಕ್ಕೋರು ನೋಡಿ ಅಂಕ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಮಕ್ಕಳು ಮೊದಲು ಮಾಡಿದ್ದೂ ಅದೇ ತರಹ. ದೊಡ್ಡ ಗುಲಾಬಿ ಹೂವು, ಓಡಾಡುವ ಅಕ್ಷರ, ಬಿಳಿ ಹಿನ್ನೆಲೆ ಮೇಲೆ ತಿಳಿ ಹಳದಿ ಬರಹ. ಅದನ್ನು ಸಂಘದ ಅಕ್ಕನ ಮನೆಗೆ ತೆಗೆದುಕೊಂಡು ಹೋದೆವು. ಅವರು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಕೈ ಒರೆಸಿಕೊಂಡು ತಮ್ಮ ಫೋನಿನಲ್ಲೇ ತೆರೆದು ನೋಡಿದರು. ಬಿಸಿಲಿಗೆ ಒಂದಕ್ಷರ ಕಾಣಲಿಲ್ಲ. ಸೆರಗು ಅಡ್ಡ ಹಿಡಿದು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು, "ರೇಟು ಎಲ್ಲಿದ್ದು ತಂಗಿ?"

ರೇಟು ಹಾಕಿರಲೇ ಇಲ್ಲ.

ಬರುವಾಗ ದಾರಿಯುದ್ದಕ್ಕೂ ಮಕ್ಕಳದ್ದು ಅದೇ ಚರ್ಚೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ವೆಬ್ ಕೆಲಸದಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದನ್ನು ನಾನು ಬೋರ್ಡಿನ ಮೇಲೆ ಬರೆದಾಗ ಬರೆದುಕೊಂಡಿದ್ದರು, ಅಷ್ಟೇ. ಅಂಗಳದಿಂದ ಬಂದ ಮೇಲೆ ಅವರೇ ಕೇಳಿದರು, ಆ 4.5 ಹೇಗೆ ಅಳೆಯೋದು ಸರ್ ಅಂತ.

ಮತ್ತೆ ಮೊದಲಿಂದ ಶುರು ಮಾಡಿದೆವು. ಎರಡು ಶನಿವಾರ ಕಂಪ್ಯೂಟರ್ ಮುಟ್ಟಲಿಲ್ಲ. ಡ್ರಾಯಿಂಗ್ ಹಾಳೆ, ಪೆನ್ಸಿಲ್ ಮಾತ್ರ. ಮಕ್ಕಳು ಅಕ್ಕನ ಹತ್ತಿರ ಮತ್ತೆ ಹೋಗಿ, ನಿಮಗೆ ಫೋನ್ ಮಾಡುವವರು ಏನೇನು ಕೇಳುತ್ತಾರೆ ಅಂತ ಬರೆದುಕೊಂಡು ಬಂದರು. ರೇಟು ಎಷ್ಟು, ಈಗ ಇದೆಯಾ, ಎಷ್ಟು ದಿನ ಇಡಬಹುದು, ನಮ್ಮೂರಿಗೆ ಕಳಿಸ್ತೀರಾ. ಈ ನಾಲ್ಕು ಪ್ರಶ್ನೆಗಳೇ ಸೈಟಿನ ನಾಲ್ಕು ಭಾಗ ಆದವು. 'ಈಗ ಇದೆಯಾ' ಅನ್ನುವುದು ಎಷ್ಟು ಮುಖ್ಯ ಅಂತ ನನಗೇ ಹೊಳೆದಿರಲಿಲ್ಲ. ಹಲಸಿನ ಹಪ್ಪಳ ಒಣಗುವುದು ಬೇಸಿಗೆಯ ಬಿಸಿಲಿಗೆ. ಮಳೆ ಹಿಡಿಯಿತು ಅಂದರೆ ಮುಗಿಯಿತು, ಡಬ್ಬದಲ್ಲಿ ಇದ್ದಷ್ಟೇ. ಹಾಗಾಗಿ ಪ್ರತಿ ತಿಂಡಿಯ ಹೆಸರಿನ ಪಕ್ಕ 'ಸಿಗುತ್ತದೆ', 'ಮುಗಿದಿದೆ' ಅಂತ ಹಾಕುವ ವ್ಯವಸ್ಥೆ ಮಾಡಿದರು. ಪಟ್ಟಣದ ಅಂಗಡಿಯ ಸೈಟು ನೋಡಿ ನಕಲು ಮಾಡಿದ್ದರೆ ಇದು ಬರುತ್ತಲೇ ಇರಲಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. ಸಿದ್ಧ ಟೆಂಪ್ಲೇಟ್, ಅಂದರೆ ಪುಟದ ಅಚ್ಚು, ಒಂದನ್ನು ತೆಗೆದುಕೊಂಡಿದ್ದೆವು. ಅದು ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿದ್ದು, ಸಾಲಿನ ಎತ್ತರ ತುಂಬಾ ಬಿಗಿ. ಎಲ್ಲ ಆಯಿತು ಅಂತ ನಾನು ಹೇಳಿ ಎದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಒತ್ತು ಎಲ್ಲಿ ಹೋಯ್ತು?" ನೋಡಿದರೆ ಹೌದು. ತಲೆಬರಹದಲ್ಲಿ ಪ-ಒತ್ತು ಪೂರ್ತಿ ಕತ್ತರಿಸಿ ಹೋಗಿದೆ. ಹಪ್ಪಳ ಹೋಗಿ ಹಪಳ ಆಗಿದೆ, ಉಪ್ಪಿನಕಾಯಿ ಉಪಿನಕಾಯಿ ಆಗಿದೆ, ಅಪ್ಪೆಮಿಡಿ ಅಪೆಮಿಡಿ. ಕನ್ನಡದ ಅಕ್ಷರ ಕೆಳಗೂ ಇಳಿಯುತ್ತದೆ, ಅದಕ್ಕೆ ಜಾಗ ಬೇಕು. ದೊಡ್ಡ ದೊಡ್ಡ ಸೈಟುಗಳ ಕನ್ನಡ ಪುಟದಲ್ಲೂ ಈ ತಪ್ಪು ಈಗಲೂ ಕಾಣಸಿಗುತ್ತದೆ, ಯಾಕೆಂದರೆ ಮಾಡುವವರು ಆ ಪುಟವನ್ನು ಓದುವವರಲ್ಲ. ಇವಳು ಓದುವವಳು. ಸಾಲಿನ ಎತ್ತರದ ಅಂಕಿಯನ್ನು ಒಂದರಿಂದ ಒಂದೂವರೆಗೆ, ಆಮೇಲೆ ಒಂದು ಮುಕ್ಕಾಲಿಗೆ ಏರಿಸಿ, ಒತ್ತು ಪೂರ್ತಿ ಕಂಡ ಮೇಲೆಯೇ ಕೈ ಬಿಟ್ಟಳು.

'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ್ದೂ ಒಂದು ಪಾಠ ಆಯಿತು. ಸಂಘದ ಹಳೇ ಕರಪತ್ರ ಡಿಟಿಪಿ ಅಂಗಡಿಯವರು ನುಡಿಯಲ್ಲಿ ಟೈಪ್ ಮಾಡಿದ್ದು. ಅಲ್ಲಿಂದ ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂತು. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕೂರಿಸಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ಒಳಗಿನದು ಹೊರಗೆ ಕಾಣುತ್ತದೆ. ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸೇರಿ ಇರುವ ಒಂದೇ ಸಂಕೇತ ಪಟ್ಟಿ, ಅದರಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ. ಇದನ್ನು ಅರ್ಥ ಮಾಡಿಕೊಂಡು ಮಕ್ಕಳು ಇಡೀ ಕರಪತ್ರವನ್ನು ಯುನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದರು, ಎರಡು ಕಾಗುಣಿತದ ತಪ್ಪನ್ನೂ ತಿದ್ದಿದರು.

ಫೋಟೊ ವಿಷಯ ಬೇಗ ಹೇಳುತ್ತೇನೆ. ಫೋನಿನಲ್ಲಿ ತೆಗೆದ ಒಂದೊಂದು ಚಿತ್ರವೂ 4 ಎಂಬಿ. ಒಂಬತ್ತು ಚಿತ್ರ ಹಾಕಿದ ಮೇಲೆ ಪುಟ ತೆರೆಯಲೇ ಇಲ್ಲ. ಸಿಗ್ನಲ್‌ಗೋಸ್ಕರ ಗುಡ್ಡ ಹತ್ತುವ ಮನೆಗಳ ಮಕ್ಕಳಿಗೆ ಇದನ್ನು ವಿವರಿಸಬೇಕಾ? ಅವರೇ ಕೂತು ಒಂದೊಂದನ್ನೂ 150 ಕೆಬಿಗೆ ಇಳಿಸಿದರು. ನಮ್ಮ ಟೆಸ್ಟರ್, ಅಂದರೆ ಸೈಟಿನಲ್ಲಿ ತಪ್ಪು ಹುಡುಕುವ ಕೆಲಸದವರು, ವಿಡಿಯೊದಲ್ಲಿ ಬಂದು, ಪಕ್ಕದವರು ಮಾಡಿದ್ದನ್ನು ಹೇಗೆ ಕೆಡಿಸಿ ನೋಡಬೇಕು ಅಂತ ಕಲಿಸಿಕೊಟ್ಟರು. ಫೋನ್ ನಂಬರಿನ ಜಾಗದಲ್ಲಿ ಹೆಸರು ಬರೆ, ಖಾಲಿ ಬಿಟ್ಟು ಒತ್ತು, ಎರಡೆರಡು ಸಲ ಒತ್ತು. ಆವತ್ತು ಮಕ್ಕಳನ್ನು ಬಸ್ಸಿಗೆ ಕಳಿಸುವುದೇ ಕಷ್ಟ ಆಯಿತು.

ಈಗ ನಾನು ಕೇಳಿಕೊಳ್ಳುವುದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪ್ಯೂಟರ್ ಕೊಟ್ಟರೆ ಬಿಲ್ಲು ಸಿಗುತ್ತದೆ, ಲೆಕ್ಕಕ್ಕೆ ಬರುತ್ತದೆ. ನೌಕರರು ಹೋಗಿ ಕಲಿಸಿದ ಗಂಟೆಗಳಿಗೆ ಬೆಲೆ ಕಟ್ಟಿ ಆ ಶೇ 2ರಲ್ಲಿ ತೋರಿಸುವ ಹಾಗಿಲ್ಲ. ಹಾಗಾಗಿ ಯಂತ್ರ ಬರುತ್ತದೆ, ಮನುಷ್ಯರು ಬರುವುದಿಲ್ಲ. ದುರುಪಯೋಗ ಆಗಬಾರದು ಅಂತ ಈ ನಿಯಮ ಇಟ್ಟಿರಬಹುದು. ಆದರೂ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಕೂತು ಕಲಿಸಿದ ಗಂಟೆಗಳನ್ನಾದರೂ ಲೆಕ್ಕಕ್ಕೆ ಹಿಡಿಯಲು ಕೇಂದ್ರ ಸರ್ಕಾರ ಯೋಚಿಸಲಿ. ಅಲ್ಲಿಯವರೆಗೆ ಕಂಪನಿಗಳು ಲೆಕ್ಕ ಬಿಟ್ಟು ತಿಂಗಳಿಗೆ ಎರಡು ಶನಿವಾರ ತಮ್ಮವರಿಗೆ ಬಿಡುವು ಕೊಡಲಿ. ಜನ ಬರುತ್ತಾರೆ, ನನಗೆ ಗ್ಯಾರಂಟಿ ಇದೆ. ನಮ್ಮ ಟೆಸ್ಟರ್ ಒಂದು ವಾರವೂ ತಪ್ಪಿಸಲಿಲ್ಲ.

ಶಿಕ್ಷಣ ಇಲಾಖೆಗೂ ಒಂದು ಮಾತು. ಹೊರಗಿನವರು ಶಾಲೆಯೊಳಗೆ ಬರಬೇಕಾದರೆ ಅನುಮತಿ, ವಿಚಾರಣೆ ಎಲ್ಲ ಬೇಕು, ಮಕ್ಕಳ ಸುರಕ್ಷತೆ ಮುಖ್ಯ. ಆದರೆ ಅದಕ್ಕೊಂದು ಸರಳ ಅರ್ಜಿ ನಮೂನೆ ಇರಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಮಟ್ಟದಲ್ಲೇ ತೀರ್ಮಾನ ಆಗಲಿ. ನನಗೆ ಈ ಒಂದು ಕಾಗದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಅಂತ ಇಲಾಖೆಯೇ ಮಾಡಿದೆಯಲ್ಲ, ಪ್ರೌಢಶಾಲೆಯ ಮಕ್ಕಳ ಇಂಥ ಕೆಲಸಕ್ಕೂ ಅಂಥದ್ದೇ ಒಂದು ದಿನ ಕೊಡಬಹುದಲ್ವಾ?

ಹುಷಾರಾಗಿರಬೇಕಾದ್ದೂ ಇದೆ. ಸೈಟಿನಲ್ಲಿ ಮಕ್ಕಳ ಫೋಟೊ, ಪೂರ್ತಿ ಹೆಸರು ನಾವು ಹಾಕಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಇನ್ನೊಂದು, ಮಕ್ಕಳನ್ನು ಪುಕ್ಕಟೆ ಕೆಲಸದವರನ್ನಾಗಿ ಮಾಡಿಕೊಳ್ಳಬಾರದು. ಗ್ರಾಹಕ ಅಂದರೆ ಊರಿನ ಸಂಘ, ಗ್ರಂಥಾಲಯ, ಹಾಲಿನ ಡೇರಿ ಇಂಥವು ಇರಲಿ. ದುಡ್ಡಿರುವ ಅಂಗಡಿಯವರು ದುಡ್ಡು ಕೊಟ್ಟು ಮಾಡಿಸಿಕೊಳ್ಳಲಿ.

ಮತ್ತೆ, ಸೈಟು ಬದುಕಿರಬೇಕು. ಮಕ್ಕಳು ತಂಡ ಕಟ್ಟಿ ವೆಬ್‌ಸೈಟ್ ಮಾಡುವ ಥಿಂಕ್‌ಕ್ವೆಸ್ಟ್ ಅನ್ನುವ ಸ್ಪರ್ಧೆ 1996ರಲ್ಲಿ ಅಮೆರಿಕದಲ್ಲಿ ಶುರುವಾಗಿತ್ತು, ಆಮೇಲೆ ಒರಾಕಲ್‌ನ ಪ್ರತಿಷ್ಠಾನ ಅದನ್ನು ನಡೆಸಿತು. ಬೇರೆ ಬೇರೆ ದೇಶದ ಮಕ್ಕಳು ಮಾಡಿದ ಸಾವಿರಾರು ಸೈಟುಗಳು ಅಲ್ಲಿದ್ದವು. 2013ರಲ್ಲಿ ಅದು ನಿಂತಿತು, ಮಕ್ಕಳ ಸೈಟುಗಳನ್ನಿಟ್ಟಿದ್ದ ಸಂಗ್ರಹವೂ ಮುಚ್ಚಿತು. ಅಷ್ಟು ದೊಡ್ಡವರದ್ದೇ ಹೀಗಾದರೆ ನಮ್ಮದು ಯಾವ ಲೆಕ್ಕ? ಅದಕ್ಕೇ ಡೊಮೈನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ಸಂಘದ ಹೆಸರಿನಲ್ಲೇ ತೆಗೆದುಕೊಂಡೆವು, ವರ್ಷದ ಶುಲ್ಕವನ್ನು ಸಂಘದ ಖಾತೆಯಿಂದಲೇ ಕಟ್ಟುತ್ತಾರೆ. ಪಾಸ್‌ವರ್ಡ್ ಅಕ್ಕನ ಉಳಿತಾಯ ಪುಸ್ತಕದ ಜೊತೆ ಬೀರುವಿನಲ್ಲಿದೆ. ರೇಟು ಬದಲಿಸುವುದು ಹೇಗೆ ಅಂತ ಮಕ್ಕಳು ಒಂದು ಹಾಳೆಯಲ್ಲಿ ಚಿತ್ರ ಸಮೇತ ಬರೆದು ಕೊಟ್ಟಿದ್ದಾರೆ.

ಒತ್ತು ಹುಡುಕಿದ ಹುಡುಗಿ ಈಗ ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಅಂತ ಮನೆಯಲ್ಲಿ ಫೋನ್ ಮುಟ್ಟಲು ಬಿಡುವುದಿಲ್ಲ. ಆದರೂ ಜೂನ್ ಎರಡನೇ ವಾರ ಮಳೆ ಹಿಡಿದ ದಿನ ರಾತ್ರಿ ನಾನು ಸೈಟು ತೆರೆದು ನೋಡಿದೆ. ಹಪ್ಪಳದ ಪಕ್ಕ 'ಮುಗಿದಿದೆ' ಅಂತ ಬಿದ್ದಿತ್ತು. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಕೇಳಿದರೆ, ಅವಳು ಬಂದಿರಲಿಲ್ಲವಂತೆ, ಹಾಳೆ ನೋಡಿಕೊಂಡು ಅಕ್ಕನೇ ಬದಲಿಸಿದ್ದಾರೆ.

ಇತಿ,
ಒಬ್ಬ ವೆಬ್ ಡಿಸೈನರ್, ಶಿರಸಿ ತಾಲ್ಲೂಕು