ಏಳು ಪದರಗಳ ಹೆಸರು ಗೊತ್ತಿದ್ದರೆ ಸಾಕೇ?

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ನೆಟ್‌ವರ್ಕ್ ಪಾಠ ಅಂದರೆ ಏಳು ಪದರಗಳ ಹೆಸರನ್ನು ಬಾಯಿಪಾಠ ಮಾಡುವುದು ಅನ್ನುವಂತಾಗಿದೆ. ನೆಟ್‌ವರ್ಕ್‌ನ ಕೆಲಸವನ್ನು ಪದರಗಳಾಗಿ ಒಡೆದದ್ದು ಯಾಕೆ ಎಂದು ಕೇಳಿದರೆ ಚೆನ್ನಾಗಿ ಓದುವ ಮಕ್ಕಳೂ ಸುಮ್ಮನಾಗುತ್ತಾರೆ. ಆ ಏಳು ಪದರಗಳ ಮಾದರಿ ಪ್ರಕಟವಾದದ್ದು 1984ರಲ್ಲಿ. ಇಂಟರ್ನೆಟ್‌ಗೆ ಬುನಾದಿಯಾದ ಆರ್ಪಾನೆಟ್ 1983ರ ಜನವರಿ 1ರಂದೇ ಟಿಸಿಪಿ/ಐಪಿ ಎಂಬ ಸಂವಹನ ನಿಯಮಗಳ ಗುಂಪಿಗೆ ಬದಲಾಗಿತ್ತು. ಇವತ್ತಿಗೂ ನಡೆಯುತ್ತಿರುವುದು ಮುಖ್ಯವಾಗಿ ಅದೇ.

ಅದರ ಪದರಗಳ ಕೆಲಸ ಹೀಗೆ. ಟಿಸಿಪಿ ಮಾಹಿತಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕುತ್ತದೆ. ಅದಕ್ಕೆ ತಲುಪಬೇಕಾದ ವಿಳಾಸ ಸೇರಿಸುವುದು ಐಪಿ; ಹೀಗೆ ವಿಳಾಸ ಹೊತ್ತ ತುಂಡೇ ಪ್ಯಾಕೆಟ್. ವೈಫೈ ಅಥವಾ ಈಥರ್ನೆಟ್ (ತಂತಿಯ ಸಂಪರ್ಕ) ಅದನ್ನು ಪಕ್ಕದ ಸಾಧನಕ್ಕೆ ದಾಟಿಸುತ್ತದೆ. ದಾರಿಯಲ್ಲಿ ಪ್ಯಾಕೆಟ್ ಮುಂದಕ್ಕೆ ಕಳಿಸುವ ರೂಟರ್‌ಗೆ ವಿಳಾಸ ಸಿಕ್ಕರೆ ಸಾಕು, ಒಳಗಿರುವುದು ಫೋಟೊನೋ ಪತ್ರವೋ ಅದಕ್ಕೆ ಬೇಕಿಲ್ಲ. ಪ್ಯಾಕೆಟ್ ಕಳೆದುಹೋದರೆ ಐಪಿ ತಲೆಕೆಡಿಸಿಕೊಳ್ಳುವುದಿಲ್ಲ. ಅದನ್ನು ಗಮನಿಸಿ ಮತ್ತೆ ಕಳಿಸುವುದು ಎರಡು ತುದಿಯ ಕಂಪ್ಯೂಟರ್‌ಗಳಲ್ಲಿರುವ ಟಿಸಿಪಿ.

ಹೀಗೆ ಕೆಲಸ ಹಂಚಿದ್ದರ ಪ್ರಯೋಜನ ಗೊತ್ತಾಗುವ ಸಂದರ್ಭ ಬಂದದ್ದು 1986ರಲ್ಲಿ. ಆ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಎರಡರ ನಡುವೆ ಅರ್ಧ ಕಿಲೋಮೀಟರ್ ದೂರವೂ ಇರಲಿಲ್ಲ! ತಲುಪಿತೆಂಬ ಉತ್ತರ ತಡವಾದಷ್ಟೂ ಕಂಪ್ಯೂಟರ್‌ಗಳು ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತಿದ್ದವು, ದಟ್ಟಣೆ ಇನ್ನೂ ಜಾಸ್ತಿಯಾಗುತ್ತಿತ್ತು. ಅಲ್ಲಿನ ತಜ್ಞರಾದ ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕೆರೆಲ್ಸ್ ಟಿಸಿಪಿಯನ್ನು ತಿದ್ದಿದರು. ಪ್ಯಾಕೆಟ್ ಕಳೆದರೆ ದಾರಿ ತುಂಬಿದೆ ಎಂದು ತಿಳಿದು ಕಳಿಸುವ ವೇಗ ತಗ್ಗಿಸಬೇಕು, ಆಮೇಲೆ ನಿಧಾನವಾಗಿ ಏರಿಸಬೇಕು. ರೂಟರ್‌ಗಳನ್ನು ಮುಟ್ಟಲೇ ಬೇಕಾಗಲಿಲ್ಲ. ಎಲ್ಲವೂ ಒಂದೇ ಮುದ್ದೆಯಾಗಿದ್ದರೆ ಇದು ಇಷ್ಟು ಸಲೀಸಾಗಿ ಆಗುತ್ತಿತ್ತೇ?

ಪದರಗಳಿಂದ ತೊಂದರೆಯೂ ಇದೆ, ಅದನ್ನೂ ಮಕ್ಕಳಿಗೆ ಹೇಳಬೇಕು. ವೈಫೈ ಸಿಗ್ನಲ್ ಕೆಟ್ಟು ಪ್ಯಾಕೆಟ್ ಕಳೆದುಹೋದರೂ, ಮೇಲಿನ ಟಿಸಿಪಿಗೆ ಆ ಕಾರಣ ತಿಳಿಯುವುದಿಲ್ಲ. ದಟ್ಟಣೆ ಇರಬೇಕೆಂದು ಅದು ಸುಮ್ನೆ ವೇಗ ಕಡಿಮೆ ಮಾಡಿಬಿಡಬಹುದು. ವೈಫೈ ತನ್ನ ಮಟ್ಟದಲ್ಲೇ ಮತ್ತೆ ಕಳಿಸಿ ನೋಡುವುದು ಇದನ್ನು ತಪ್ಪಿಸಲಿಕ್ಕೂ ಹೌದು.

ಇದೆಲ್ಲ ಮಕ್ಕಳಿಗೆ ಅರ್ಥವಾಗದ ವಿಷಯ ಅಲ್ಲವೇ ಅಲ್ಲ. ಪಠ್ಯ ಬರೆಯುವವರಲ್ಲಿ, ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನನ್ನದೊಂದು ವಿನಂತಿ. ‘ಏಳು ಪದರಗಳನ್ನು ಹೆಸರಿಸಿ’ ಎನ್ನುವ ಪ್ರಶ್ನೆ ಬಿಡಿ. ‘ದಾರಿಯಲ್ಲಿ ಪ್ಯಾಕೆಟ್ ಕಳೆದರೆ ಯಾವ ಪದರಕ್ಕೆ ತಿಳಿಯುತ್ತದೆ, ಅದು ಏನು ಮಾಡುತ್ತದೆ?’ ಎಂದು ಕೇಳಿ.

ಇಂತಿ,
ನೆಟ್‌ವರ್ಕ್ ಪಾಠ ಮಾಡುವ ಒಬ್ಬ ಶಿಕ್ಷಕಿ